ನಂಜು ಕಂಡ ಬಗೆ: ಬೆಳೆಗಳ ನಂಜುರೋಗ ಪತ್ತೆಯ ಚರಿತ್ರೆ ಮತ್ತು ಘಾಟಿ ಸೀಮೆಯ ಜನಪದ ಅರಿವು

ಪೀಠಿಕೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯವು ನಾಗಾರಾಧನೆಗೂ ದನಗಳ ಜಾತ್ರೆಗೂ ಸಮಾನವಾಗಿ ಹೆಸರಾದ ಕ್ಷೇತ್ರ. ಗರ್ಭಗುಡಿಯ ಒಂದೇ ಶಿಲೆಯಲ್ಲಿ ಸುಬ್ರಹ್ಮಣ್ಯನು ಪೂರ್ವಕ್ಕೂ ನರಸಿಂಹನು ಪಶ್ಚಿಮಕ್ಕೂ ಮುಖಮಾಡಿರುವುದರಿಂದ ಹಿಂಬದಿಯ ನರಸಿಂಹನನ್ನು ಭಕ್ತರು ಕನ್ನಡಿಯಲ್ಲಿ ಕಾಣುತ್ತಾರೆ. ಸಂತಾನ ಬಯಸಿದವರು ಇಲ್ಲಿ ನಾಗರಕಲ್ಲುಗಳನ್ನು ಪ್ರತಿಷ್ಠಾಪಿಸುವುದುಂಟು. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದ ಆಸುಪಾಸಿನಲ್ಲಿ, ಡಿಸೆಂಬರ್-ಜನವರಿಯ ಚಳಿಯಲ್ಲಿ, ಹಳ್ಳಿಕಾರ್ ತಳಿಯ ಎತ್ತುಗಳೊಡನೆ ರೈತರು ಇಲ್ಲಿ ನೆರೆಯುತ್ತಾರೆ.

ಈ ಜಾತ್ರೆಯಲ್ಲಿ ದನ ಕೊಳ್ಳುವವನ ನಡೆಯನ್ನು ಗಮನಿಸಬೇಕು. ಆತ ಮೊದಲು ಬೆಲೆ ಕೇಳುವುದಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಮೈಮೇಲಿನ ಸುಳಿಗಳನ್ನು ಹುಡುಕುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಹೊರಗೆ ಕಾಣುವ ಕುರುಹಿನಿಂದ ಒಳಗಿನ ಸ್ಥಿತಿಯನ್ನು ಊಹಿಸುವ ಈ ವಿದ್ಯೆ ತಲೆಮಾರುಗಳಿಂದ ಬಂದದ್ದು. ಇದೇ ಕಣ್ಣು ಮರುದಿನ ಹೊಲದಲ್ಲಿ ರಾಗಿ, ಅವರೆ, ತೊಗರಿ, ಟೊಮ್ಯಾಟೊಗಳ ಮೇಲೆ ಹಾಯುತ್ತದೆ. ಎಲೆ ಮುದುರಿತೇ, ನರ ಹಳದಿಯಾಯಿತೇ, ಗಿಡ ಹೂ ಬಿಡದೆ ಉಳಿಯಿತೇ ಎಂದು ಅದು ಓದುತ್ತದೆ.

ಬೆಳೆಗಳ ವೈರಸ್ ರೋಗಗಳನ್ನು ಶೀಘ್ರವಾಗಿ ಪತ್ತೆಹಚ್ಚುವ ವಿಧಾನಗಳ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಯೋಗಾಲಯದಿಂದ ಆರಂಭಿಸಲಾಗುತ್ತದೆ. ಅದಕ್ಕೂ ಮುಂಚಿನ ಹೆಜ್ಜೆ ಹೊಲದಲ್ಲಿದೆ ಎಂಬುದನ್ನು ತೋರಿಸುವುದು ಈ ಲೇಖನದ ಮೊದಲ ಉದ್ದೇಶ. ಆ ಹೊಲದ ಅರಿವು ಎಲ್ಲಿ ಸೋತಿತು, ಸೋತಾಗ ಅದರ ಹೊರೆ ಯಾರ ಮೇಲೆ ಬಿತ್ತು ಎಂಬುದನ್ನು ಮರೆಮಾಚದೆ ಹೇಳುವುದು ಎರಡನೆಯ ಉದ್ದೇಶ.

‘ನಂಜು’ ಎಂಬ ಪದ

ವೈರಸ್ ಎಂಬ ಲ್ಯಾಟಿನ್ ಪದದ ಮೂಲಾರ್ಥ ವಿಷ. ಕನ್ನಡದಲ್ಲಿ ಇದಕ್ಕೆ ಎರಡು ಪದಗಳು ಬಳಕೆಯಲ್ಲಿವೆ. ‘ವೈರಾಣು’ ಎಂಬುದು ಧ್ವನಿಸಾಮ್ಯವನ್ನೂ ವೈರತ್ವದ ಅರ್ಥವನ್ನೂ ಒಟ್ಟಿಗೆ ಹಿಡಿದ ಟಂಕಿತ ಪದ. ‘ನಂಜಾಣು’ ಎಂಬುದು ಕೃಷಿ ಸಾಹಿತ್ಯದಲ್ಲಿ ನೆಲೆಗೊಂಡದ್ದು. ಅದರ ಮೊದಲ ಭಾಗವು ಜನರ ನಾಲಿಗೆಯಿಂದಲೇ ಬಂದಿದೆ.

ಜನಪದರಲ್ಲಿ ನಂಜಿನ ಅರ್ಥವ್ಯಾಪ್ತಿ ದೊಡ್ಡದು. ಹಾವಿನ ವಿಷ ನಂಜು. ಕೀವುಗಟ್ಟಿದ ಗಾಯ ‘ನಂಜಾಯಿತು’. ಗಾಯವಿದ್ದಾಗ ತಿನ್ನಬಾರದ ಬದನೆಯಂಥವು ನಂಜಿನ ಪದಾರ್ಥಗಳು. ವಿಷವನ್ನುಂಡು ಲೋಕ ಕಾಯ್ದವನು ನಂಜುಂಡ. ಈ ಎಲ್ಲ ಬಳಕೆಗಳಲ್ಲಿ ಸಾಮಾನ್ಯವಾದ ಒಂದು ಭಾವವಿದೆ: ಕಣ್ಣಿಗೆ ಕಾಣದ, ರಸದಲ್ಲಿ ಬೆರೆತು ಒಂದೆಡೆಯಿಂದ ಇನ್ನೊಂದೆಡೆಗೆ ಏರುವ ಕೇಡು. ಗಿಡದ ರೋಗಕ್ಕೆ ರೈತ ‘ನಂಜು ಹತ್ತಿದೆ’ ಎಂದಾಗ ಆತ ಈ ಏರುವ ಗುಣವನ್ನೇ ಸೂಚಿಸುತ್ತಾನೆ.

1898ರಲ್ಲಿ ನೆದರ್ಲೆಂಡ್ಸಿನ ಬೈಜರಿಂಕ್ ತಂಬಾಕಿನ ಮೊಸಾಯಿಕ್ ರೋಗಕ್ಕೆ ಕಾರಣವಾದುದನ್ನು ಜೀವಂತ ಸೋಂಕು ದ್ರವವೆಂದು ವರ್ಣಿಸಿದನು. ಅದಕ್ಕೂ ಮುನ್ನ 1886ರಲ್ಲಿ ಅಡಾಲ್ಫ್ ಮೇಯರ್, ರೋಗದ ಗಿಡದ ರಸವು ಆರೋಗ್ಯವಂತ ಗಿಡಕ್ಕೆ ರೋಗ ತರುತ್ತದೆಂದು ತೋರಿಸಿದ್ದನು. 1892ರಲ್ಲಿ ರಷ್ಯಾದ ಇವಾನೊವ್‌ಸ್ಕಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಕದಿಂದಲೂ ಆ ಸೋಂಕು ಪಾರಾಗುತ್ತದೆಂದು ಕಂಡಿದ್ದನು. ಬೈಜರಿಂಕನ ದ್ರವಕ್ಕೂ ನಮ್ಮ ನಂಜಿಗೂ ಐತಿಹಾಸಿಕ ಸಂಬಂಧವಿಲ್ಲ. ಆದರೆ ಕಾಣದ ಸೋಂಕನ್ನು ಹೆಸರಿಸಬೇಕಾದಾಗ ಎರಡು ಭಾಷೆಗಳೂ ವಿಷ ಮತ್ತು ರಸಗಳ ಕಲ್ಪನೆಯನ್ನೇ ಆಶ್ರಯಿಸಿದವು ಎಂಬುದು ಗಮನಾರ್ಹ.

ಗಿಡಗಳ ಆರೋಗ್ಯವನ್ನು ಕುರಿತ ಚಿಂತನೆ ಕನ್ನಡದ ಲಿಖಿತ ಪರಂಪರೆಗೂ ಹೊಸದಲ್ಲ. ಸು. 1025ರ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನವಿದೆ. ಆದರೆ ಬೆಳೆಯ ಒಂದೊಂದು ರೋಗಕ್ಕೂ ಹೆಸರಿಟ್ಟು ಉಳಿಸಿದ್ದು ಪ್ರಧಾನವಾಗಿ ಮೌಖಿಕ ಪರಂಪರೆಯೇ.

ಜನರಿಟ್ಟ ಹೆಸರು, ಜಗತ್ತು ಒಪ್ಪಿದ ಹೆಸರು

ಕರ್ನಾಟಕದ ರೈತರು ಇಟ್ಟ ಕೆಲವು ರೋಗನಾಮಗಳು ಅಂತಾರಾಷ್ಟ್ರೀಯ ಸಸ್ಯರೋಗಶಾಸ್ತ್ರದ ಗ್ರಂಥಗಳಲ್ಲಿ ಯಥಾವತ್ತಾಗಿ ನೆಲೆಸಿವೆ. ಏಲಕ್ಕಿಯ ‘ಕಟ್ಟೆ ರೋಗ’ ಇದಕ್ಕೆ ಪ್ರಸಿದ್ಧ ಉದಾಹರಣೆ. ಎಳೆಯ ಎಲೆಯ ಮೇಲೆ ನರಗಳಿಗೆ ಸಮಾಂತರವಾಗಿ ತಿಳಿಹಸಿರು ಗೆರೆಗಳು ಮೂಡಿ, ಬುಡ ಕ್ರಮೇಣ ಸೊರಗುವ ಈ ರೋಗ ವೈರಸ್‌ನಿಂದ ಬರುವುದೆಂಬುದನ್ನು 1945ರಲ್ಲಿ ಉಪ್ಪಲ್, ವರ್ಮ ಮತ್ತು ಕಪೂರ್ ಪ್ರಕಟಿಸಿದರು. ಇದನ್ನು ಹರಡುವುದು ಸಸ್ಯಹೇನು. ಏಲಕ್ಕಿಗೇ ತಗಲುವ ಇನ್ನೊಂದು ನಂಜುರೋಗದಲ್ಲಿ ಹೊಸ ಕಂದಿನ ತುದಿ ಕೊಕ್ಕೆಯಂತೆ ಬಾಗುತ್ತದೆ. 1990ರ ದಶಕದಲ್ಲಿ ವಿಜ್ಞಾನಿಗಳು ಇದನ್ನು ವರದಿ ಮಾಡಿದಾಗ ಬೆಳೆಗಾರರ ‘ಕೊಕ್ಕೆ ಕಂದು’ ಎಂಬ ಹೆಸರನ್ನೇ ಉಳಿಸಿಕೊಂಡರು. ನೋಡಿದ ಕುರುಹನ್ನು ಎರಡೇ ಪದಗಳಲ್ಲಿ ಹಿಡಿದ ಆ ಹೆಸರಿಗೆ ಬದಲಿ ಹುಡುಕುವ ಅಗತ್ಯ ಬೀಳಲಿಲ್ಲ.

ಘಾಟಿ ಸೀಮೆಗೆ ಹತ್ತಿರವಾದ ಉದಾಹರಣೆ ತೊಗರಿಯದು. ಇಲ್ಲಿನ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲುಗಳಾಗಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳುಗಳನ್ನು ಬಿತ್ತುವುದು ವಾಡಿಕೆ. ಕೆಲವು ತೊಗರಿ ಗಿಡಗಳು ಪೊದೆಯಂತೆ ಹಸಿರಾಗಿ ಬೆಳೆದರೂ ಹೂ ಕಾಯಿ ಕಟ್ಟುವುದಿಲ್ಲ. ಇದು ‘ಗೊಡ್ಡು ರೋಗ’. ಗೊಡ್ಡು ಎಂಬುದು ದನದ ಜಾತ್ರೆಯ ಮಾತು, ಗಬ್ಬವಾಗದ ಹಸು ಗೊಡ್ಡು. ಮೈ ತುಂಬಿದ್ದರೂ ಫಲವಿಲ್ಲ ಎಂಬ ಸ್ಥಿತಿಯನ್ನು ರೈತ ಹಟ್ಟಿಯಿಂದ ಹೊಲಕ್ಕೆ ಒಯ್ದು ಹೆಸರಿಟ್ಟ. ಇಂಗ್ಲಿಷಿನಲ್ಲಿ ಬರೆದ ವಿಜ್ಞಾನಿಗಳೂ ಅದೇ ಬಂಜೆತನದ ಲಕ್ಷಣವನ್ನೇ ಹೆಸರಿಗೆ ಆಧಾರವಾಗಿಸಿಕೊಂಡರು.

ಗೊಡ್ಡು ರೋಗದ ವೈಜ್ಞಾನಿಕ ಚರಿತ್ರೆ ದೀರ್ಘವಾದುದು. 1931ರಲ್ಲಿ ಬಿಹಾರದ ಪೂಸಾದಿಂದ ಇದು ಮೊದಲು ವರದಿಯಾಯಿತು. 1962ರಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಮೈಟ್ ನುಸಿ ಇದನ್ನು ಹರಡುತ್ತದೆಂದು ತಿಳಿಯಿತು. ಆದರೆ ಕಾರಣವಾದ ವೈರಸ್ಸನ್ನು ಬೇರ್ಪಡಿಸಿ ಗುರುತಿಸಿದ್ದು 2000ದ ಹೊತ್ತಿಗೆ, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಹಾಗೂ ಸ್ಕಾಟ್‌ಲೆಂಡಿನ ವಿಜ್ಞಾನಿಗಳ ಜಂಟಿ ಶ್ರಮದಿಂದ. ಅಲ್ಲಿಯವರೆಗೆ ಸುಮಾರು 70 ವರ್ಷಗಳ ಕಾಲ ಈ ರೋಗದ ಪತ್ತೆಗೆ ಇದ್ದ ಸಾಧನ ಒಂದೇ, ಗೊಡ್ಡು ಗಿಡವನ್ನು ಗುರುತಿಸುವ ಕಣ್ಣು. ತಳಿಸಂಶೋಧಕರು ರೋಗನಿರೋಧಕ ತೊಗರಿಯನ್ನು ಆರಿಸಿದ್ದೂ ಅದೇ ಕಣ್ಣಿನಿಂದ.

ಪ್ರಯೋಗಾಲಯದ ಕಣ್ಣು

ಪ್ರಯೋಗಾಲಯದ ಮೊದಲ ಪತ್ತೆವಿಧಾನವೂ ಗಿಡವೇ ಆಗಿತ್ತು. ಸಂಶಯದ ಎಲೆಯ ರಸವನ್ನು ಸೂಚಕ ಗಿಡಕ್ಕೆ ಉಜ್ಜಿ, ಅದರಲ್ಲಿ ಏಳುವ ಮಚ್ಚೆಗಳನ್ನು ಎಣಿಸುವ ಕ್ರಮವನ್ನು 1929ರಲ್ಲಿ ಹೋಮ್ಸ್ ರೂಢಿಗೆ ತಂದನು. ನಮ್ಮಲ್ಲಿ ಟೊಮ್ಯಾಟೊ, ಕಡಲೆಕಾಯಿಗಳ ಕುಡಿ ಸಾಯುವ ನಂಜುರೋಗದ ಪರೀಕ್ಷೆಗೆ ಅಲಸಂದೆಯ ಸಿ-152 ತಳಿ ಇದೇ ರೀತಿ ಬಳಕೆಯಾಗಿದೆ. ರಸದಿಂದ ಅಂಟದ ನಂಜಾಣುಗಳಿಗೆ ಕಸಿ ಕಟ್ಟುವುದು ಅಥವಾ ಕೀಟವನ್ನು ಕೂರಿಸುವುದು ಅನಿವಾರ್ಯವಾಗಿತ್ತು. ಇವೆಲ್ಲಕ್ಕೂ ದಿನಗಳು, ಕೆಲವೊಮ್ಮೆ ವಾರಗಳು ಬೇಕಾಗುತ್ತಿದ್ದವು. 1935ರಲ್ಲಿ ಸ್ಟ್ಯಾನ್ಲಿ ತಂಬಾಕಿನ ವೈರಸ್ಸನ್ನು ಹರಳುಗಟ್ಟಿಸಿದನು. 1939ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಅದರ ಕಡ್ಡಿಯಾಕಾರ ಮೊದಲ ಬಾರಿಗೆ ಕಾಣಿಸಿತು.

ಶೀಘ್ರ ಪತ್ತೆಯ ಯುಗ ನಿಜವಾಗಿ ಆರಂಭವಾದದ್ದು ಎಲಿಸಾ ವಿಧಾನದಿಂದ. 1971ರಲ್ಲಿ ವೈದ್ಯಕೀಯ ಕ್ಷೇತ್ರದಲ್ಲಿ ರೂಪುಗೊಂಡ ಇದನ್ನು 1977ರಲ್ಲಿ ಕ್ಲಾರ್ಕ್ ಮತ್ತು ಆಡಮ್ಸ್ ಸಸ್ಯ ವೈರಸ್‌ಗಳಿಗೆ ಅಳವಡಿಸಿದರು. 96 ಕುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಆ ವೈರಸ್ಸನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು ಅಂಟಿಸಿ, ಎಲೆಯ ರಸ ಹಾಕಿ, ಕಿಣ್ವ ಬೆಸೆದ ಇನ್ನೊಂದು ಪ್ರತಿಕಾಯವನ್ನು ಸೇರಿಸಲಾಗುತ್ತದೆ. ವೈರಸ್ ಇದ್ದರೆ ಕೊನೆಯಲ್ಲಿ ಸೇರಿಸುವ ದ್ರಾವಣ ಬಣ್ಣ ತಾಳುತ್ತದೆ. ಒಂದೆರಡು ದಿನಗಳಲ್ಲಿ ನೂರಾರು ಮಾದರಿಗಳ ಪರೀಕ್ಷೆ ಸಾಧ್ಯವಾಯಿತು. ಇಲ್ಲಿಯೂ ವೈರಸ್ ನೇರವಾಗಿ ಕಾಣುವುದಿಲ್ಲ. ಘಾಟಿಯ ಕನ್ನಡಿಯಲ್ಲಿ ಹಿಂಬದಿಯ ಮೂರ್ತಿ ಕಾಣುವಂತೆ, ಕಾಣದುದನ್ನು ಕಾಣುವ ಗುರುತಿನ ಮೂಲಕ ತಿಳಿಯುವ ಕ್ರಮವಿದು.

ಪ್ರತಿಕಾಯಕ್ಕೂ ಮಿತಿಯಿದೆ. ಬಿಳಿನೊಣ ಹರಡುವ ನಂಜಾಣುಗಳ ಹೊರಕವಚಗಳು ಒಂದನ್ನೊಂದು ಹೋಲುವುದರಿಂದ ಎಲಿಸಾದಲ್ಲಿ ಅವುಗಳನ್ನು ಬೇರ್ಪಡಿಸುವುದು ಕಷ್ಟ. 1980ರ ದಶಕದ ಪಿಸಿಆರ್ ವಿಧಾನವು ವೈರಸ್ಸಿನ ವಂಶತಂತುವಿನ ತುಣುಕನ್ನು ಕೆಲವೇ ಗಂಟೆಗಳಲ್ಲಿ ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸಿ ಈ ತೊಡಕನ್ನು ಬಿಡಿಸಿತು. 2000ದಲ್ಲಿ ಜಪಾನಿನಲ್ಲಿ ಪ್ರಕಟವಾದ ಲ್ಯಾಂಪ್ ವಿಧಾನಕ್ಕೆ ದುಬಾರಿ ಯಂತ್ರವೂ ಬೇಡ. 60ರಿಂದ 65 ಡಿಗ್ರಿ ಸೆಲ್ಸಿಯಸ್‌ನ ಒಂದೇ ಶಾಖದಲ್ಲಿ ಸುಮಾರು ಒಂದು ಗಂಟೆಯೊಳಗೆ ಫಲಿತಾಂಶ ದೊರೆಯುತ್ತದೆ. ಎಲೆ ಅರೆದ ರಸದಲ್ಲಿ ಅದ್ದಿದ ಪಟ್ಟಿಯ ಮೇಲೆ ಕೆಲವೇ ನಿಮಿಷಗಳಲ್ಲಿ ಗೆರೆ ಮೂಡಿಸುವ ಪರೀಕ್ಷೆಗಳು ಹಲವು ನಂಜಾಣುಗಳಿಗೆ ಲಭ್ಯವಿವೆ. 2017ರ ಬಳಿಕ ಕ್ರಿಸ್ಪರ್ ಆಧಾರಿತ ಪತ್ತೆವಿಧಾನಗಳೂ ಸೇರಿಕೊಂಡಿವೆ. ವಾರಗಳಿಂದ ನಿಮಿಷಗಳಿಗೆ ಇಳಿದ ಈ ಪಯಣಕ್ಕೆ ಹಿಡಿದದ್ದು ಸುಮಾರು ಒಂದು ಶತಮಾನ.

ಟೊಮ್ಯಾಟೊ ಮತ್ತು ಬಿಳಿನೊಣ

ಈ ವೇಗ ಏಕೆ ಬೇಕೆಂಬುದನ್ನು ಬೆಂಗಳೂರು ಸುತ್ತಲಿನ ಟೊಮ್ಯಾಟೊ ಬೆಳೆ ಚೆನ್ನಾಗಿ ತಿಳಿಸುತ್ತದೆ. 1967ರಲ್ಲಿ ಸ್ಥಾಪನೆಯಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶಾಸ್ತ್ರಿ ಮತ್ತು ಸಿಂಗ್ ಅವರು 1973ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಟಿಯಾದ 20 ದಿನಗಳೊಳಗೆ ಎಲೆ ಮುಟುರು ರೋಗ ತಗಲಿದ ಗಿಡಗಳಲ್ಲಿ ಇಳುವರಿ ನಷ್ಟ ಶೇ. 90ನ್ನು ಮೀರುತ್ತದೆ. ತಡವಾಗಿ ತಗಲಿದಷ್ಟೂ ನಷ್ಟ ಕಡಿಮೆ. ಅಂದರೆ ರೋಗ ಯಾವುದು ಎಂಬುದರಷ್ಟೇ ಅದು ಯಾವಾಗ ಬಂತು ಎಂಬುದೂ ಮುಖ್ಯ.

ಈ ರೋಗ ತರುವ ನಂಜಾಣುಗಳಲ್ಲಿ ಒಂದಕ್ಕೆ ಬೆಂಗಳೂರಿನ ಹೆಸರೇ ಅಂಟಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿ. ಮುನಿಯಪ್ಪ ಮತ್ತು ಸಹಸಂಶೋಧಕರು 2000ದಲ್ಲಿ ಪ್ರಕಟಿಸಿದಂತೆ, ಒಂದೇ ಒಂದು ಬಿಳಿನೊಣವೂ ಇದನ್ನು ಗಿಡದಿಂದ ಗಿಡಕ್ಕೆ ಒಯ್ಯಬಲ್ಲದು. 1999ರಲ್ಲಿ ನೆರೆಯ ಕೋಲಾರ ಜಿಲ್ಲೆಯ ಟೊಮ್ಯಾಟೊ ಹೊಲಗಳಲ್ಲಿ ಬಿಳಿನೊಣದ ಸಂಖ್ಯೆ ವಿಪರೀತವಾಗಿ ಏರಿ ಮುಟುರು ರೋಗ ಸಾಂಕ್ರಾಮಿಕವಾಯಿತು. ಭಾರತದಲ್ಲಿ ಅದುವರೆಗೆ ಕಂಡಿರದ ‘ಬಿ’ ಜೈವಿಕ ಪ್ರಭೇದದ ಬಿಳಿನೊಣ ಅಲ್ಲಿದ್ದುದನ್ನು ವಂಶತಂತುವಿನ ಪರೀಕ್ಷೆಗಳು ತೋರಿಸಿಕೊಟ್ಟವು. ನೊಣ ಹೆಚ್ಚಿದೆಯೆಂದು ರೈತರ ಕಣ್ಣು ಹೇಳಬಹುದಿತ್ತು. ಅದು ಬೇರೆ ಬಗೆಯ ನೊಣವೆಂದು ಹೇಳಲು ಪ್ರಯೋಗಾಲಯವೇ ಬೇಕಾಯಿತು. ಅದೇ ಅವಧಿಯ ಸಂಶೋಧನೆಯಿಂದ ವಿಶ್ವವಿದ್ಯಾನಿಲಯವು ಸಂಕ್ರಾಂತಿ, ನಂದಿ, ವೈಭವ್ ಎಂಬ ರೋಗನಿರೋಧಕ ಟೊಮ್ಯಾಟೊ ತಳಿಗಳನ್ನು ನೀಡಿತು.

ನಂಜು ಹತ್ತಿದ ಗಿಡಕ್ಕೆ ಔಷಧವಿಲ್ಲ. ಕಿತ್ತು ನಾಶಮಾಡುವುದು, ಸಸಿಮಡಿಗೆ ನೈಲಾನ್ ಪರದೆ ಕಟ್ಟುವುದು, ಹೊಲದ ಸುತ್ತ ಜೋಳದಂಥ ಎತ್ತರದ ಬೆಳೆಯ ಸಾಲು ಹಾಕುವುದು, ನಿರೋಧಕ ತಳಿ ಬೆಳೆಯುವುದು, ಇವಿಷ್ಟೇ ದಾರಿಗಳು. ಅಕ್ಕಡಿ ಸಾಲನ್ನು ನಮ್ಮ ಹಿರಿಯರು ವೈರಸ್ಸಿನ ತಡೆಗೆಂದು ರೂಪಿಸಿದರು ಎನ್ನಲು ಆಧಾರವಿಲ್ಲ. ಆದರೆ ಕೆಟ್ಟ ಗಿಡವನ್ನು ಬಳಿಯ ಗಿಡಕ್ಕೆ ತಾಗದಂತೆ ಕೀಳುವ ಅಭ್ಯಾಸಕ್ಕೆ ಸೋಂಕಿನ ಅರಿವೇ ಆಧಾರ. ಪಶುಗಳ ವಿಷಯದಲ್ಲಿಯೂ ತತ್ತ್ವ ಬೇರೆಯಲ್ಲ. 2022ರಲ್ಲಿ ವೈರಸ್‌ನಿಂದ ಬರುವ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ದನಗಳ ಸಂತೆ, ಜಾತ್ರೆಗಳ ಮೇಲೆ ನಿರ್ಬಂಧ ಬಂದುದನ್ನು ನೆನೆಯಬಹುದು.

ಕಾಣದ ಕಾರಣ, ಕಂಡವರ ಮೇಲೆ ದೂರು

ಜನಪದ ಅರಿವನ್ನು ಕೊಂಡಾಡುವಾಗ ಅದರ ಇನ್ನೊಂದು ಮುಖವನ್ನು ಬಿಡಲಾಗದು. ಕುರುಹು ಕಂಡಿತು, ಕಾರಣ ಕಾಣಲಿಲ್ಲ. ಆ ಖಾಲಿ ಜಾಗವನ್ನು ನಂಬಿಕೆಗಳು ತುಂಬಿದವು. ಚೆನ್ನಾಗಿ ಬಂದ ಬೆಳೆಗೆ ‘ದೃಷ್ಟಿ’ ತಾಗಿತೆಂದು ಹೊಲದಲ್ಲಿ ಬೆರ್ಚಪ್ಪನನ್ನು ನಿಲ್ಲಿಸುವುದರಲ್ಲಿ ಯಾರಿಗೂ ಹಾನಿಯಿಲ್ಲ. ಆದರೆ ಮುಟ್ಟಾದ ಹೆಣ್ಣು ವೀಳ್ಯದೆಲೆ, ಹೂ, ತರಕಾರಿಗಳ ತೋಟಕ್ಕೆ ಕಾಲಿಟ್ಟರೆ ಗಿಡ ಸೊರಗುತ್ತದೆಂಬ ನಂಬಿಕೆ ಹಾಗಲ್ಲ. ಅದು ಆಕೆಯನ್ನು ತನ್ನದೇ ದುಡಿಮೆಯ ನೆಲದಿಂದ ಹೊರಗಿಟ್ಟಿತು. ಎಲೆ ಮುದುರಿದಾಗ ಮೊದಲು ಏಳುವ ‘ಯಾರು ಹೋಗಿದ್ದರು?’ ಎಂಬ ಪ್ರಶ್ನೆ ಮನೆಯ ಹೆಣ್ಣಿನ ಕಡೆಗೇ ತಿರುಗುತ್ತದೆ. ಗಿಡಕ್ಕೆ ಹೇಳಿದ ‘ಗೊಡ್ಡು’ ಎಂಬ ಮಾತು ಹೆಣ್ಣಿನ ಮೇಲೆ ಬಿದ್ದಾಗ ಎಂಥ ಗಾಯ ಮಾಡುತ್ತದೆಂಬುದನ್ನು ಘಾಟಿಗೆ ಹರಕೆ ಹೊತ್ತು ಬರುವವರ ಮುಖ ನೋಡಿದವರು ಬಲ್ಲರು.

ಈ ನಂಬಿಕೆಗೆ ವಿಜ್ಞಾನ ಕೊಡುವ ಉತ್ತರ ಕುತೂಹಲಕರವಾದುದು. ಸ್ಪರ್ಶದಿಂದ ಹರಡುವ ಸಸ್ಯರೋಗಗಳು ನಿಜಕ್ಕೂ ಇವೆ. ತಂಬಾಕಿನ ಮೊಸಾಯಿಕ್ ವೈರಸ್ ಒಣಗಿಸಿದ ತಂಬಾಕಿನಲ್ಲಿಯೂ ಉಳಿದು, ಧೂಮಪಾನಿಯ ಕೈಯಿಂದ ಟೊಮ್ಯಾಟೊ, ಮೆಣಸಿನ ಸಸಿಗಳಿಗೆ ಅಂಟಬಲ್ಲದು. ಆದುದರಿಂದಲೇ ಸಸಿ ಮುಟ್ಟುವ ಮುನ್ನ ಸೋಪಿನಿಂದ ಕೈ ತೊಳೆಯಲು ಸಲಹೆ ನೀಡಲಾಗುತ್ತದೆ. ಕೈ ಸೋಂಕು ತರುತ್ತದೆಂಬ ಊಹೆ ಸರಿಯಿತ್ತು. ಕೈ ಯಾರದೆಂಬ ತೀರ್ಪು ಮಾತ್ರ ತಪ್ಪಾಗಿತ್ತು. ಹೀಗಾಗಿ ಪತ್ತೆವಿಧಾನದ ಚರಿತ್ರೆಯು ಇಳುವರಿಯ ಚರಿತ್ರೆ ಮಾತ್ರವಲ್ಲ. ನಿರಪರಾಧಿಯ ಮೇಲಿನ ದೂರು ತೆಗೆಯುವ ಸಾಧನದ ಚರಿತ್ರೆಯೂ ಹೌದು.

ಎರಡು ಕಣ್ಣುಗಳ ಮಿತಿ

ಕಣ್ಣು ಮೋಸಹೋಗುವ ಸಂದರ್ಭಗಳು ಇನ್ನೂ ಇವೆ. ಮೆಣಸಿನಕಾಯಿಯ ‘ಮುಟುರು’ ಎಂಬ ಒಂದೇ ಹೆಸರಿನಡಿ ಮೂರು ಕಾರಣಗಳು ಅಡಗಿವೆ. ಎಲೆ ದೋಣಿಯಂತೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್ ಕೀಟ, ಮಗುಚಿದ ದೋಣಿಯಂತೆ ಕೆಳಕ್ಕೆ ಮಡಚಿದರೆ ಮೈಟ್ ನುಸಿ, ಇವೆರಡನ್ನೂ ಹೋಲುವಂತೆ ಮುದುರಿಸುವ ನಂಜಾಣು ಮೂರನೆಯದು. ಪೋಷಕಾಂಶದ ಕೊರತೆಯೂ ಎಲೆಯನ್ನು ಹಳದಿಯಾಗಿಸುತ್ತದೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಎಂಬ ಗಾದೆ ನಂಜಿನ ವಿಷಯದಲ್ಲಿ ಸಲ್ಲದು. ಸೋಂಕು ತಗಲಿದ ಮೇಲೂ ಮೊಳಕೆ ಕೆಲಕಾಲ ಸಿರಿವಂತವಾಗಿಯೇ ಕಾಣುತ್ತದೆ. ಅಂಗಾಂಶ ಕೃಷಿಯ ಬಾಳೆ ಸಸಿಗಳ ವಿಷಯದಲ್ಲಿ ಕಣ್ಣನ್ನು ನಂಬಲಾಗದೆಂದೇ 2006ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ವೈರಸ್ ಪರೀಕ್ಷೆಯನ್ನೊಳಗೊಂಡ ಪ್ರಮಾಣೀಕರಣ ವ್ಯವಸ್ಥೆಯನ್ನು ಜಾರಿಗೆ ತಂದಿತು.

ಪ್ರಯೋಗಾಲಯವೂ ತಪ್ಪಿದ್ದುಂಟು. ಶ್ರೀಗಂಧದ ಸ್ಪೈಕ್ ರೋಗ 1899ರಲ್ಲಿ ಕೊಡಗಿನಿಂದ ವರದಿಯಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದು ಕಸಿಯಿಂದ ಹರಡುವುದೆಂದು 1917ರ ಪ್ರಕಟಣೆಯಲ್ಲಿ ತೋರಿಸಿದರು. ಅಲ್ಲಿಂದ ಅದನ್ನು ವೈರಸ್ ರೋಗವೆಂದೇ ಭಾವಿಸಲಾಯಿತು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಅದರಲ್ಲಿ ವೈರಸ್ ಬದಲು ಮೈಕೋಪ್ಲಾಸ್ಮಾದಂಥ ಜೀವಿಗಳನ್ನು ತೋರಿಸಿತು. ಅವನ್ನೇ ನಾವಿಂದು ಫೈಟೊಪ್ಲಾಸ್ಮಾ ಎನ್ನುತ್ತೇವೆ. ಅರ್ಧ ಶತಮಾನ ಉಳಿದ ಈ ತಪ್ಪು, ಹೆಸರು ಮತ್ತು ಕಾರಣಗಳು ಒಂದೇ ಅಲ್ಲವೆಂಬುದನ್ನು ವಿಜ್ಞಾನಕ್ಕೂ ನೆನಪಿಸುತ್ತದೆ.

ಶೀಘ್ರ ಪರೀಕ್ಷೆಯ ಪಟ್ಟಿಯೂ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಒಂದು ವೈರಸ್ಸಿಗಾಗಿ ಮಾಡಿದ ಪಟ್ಟಿ ಇನ್ನೊಂದನ್ನು ಹೇಳದು. ಯಾವ ಗಿಡದ, ಯಾವ ಎಲೆಯನ್ನು, ಯಾವ ದಿನ ಅರೆಯಬೇಕು ಎಂಬುದನ್ನು ಹೊಲದಲ್ಲಿ ನಿಂತವರೇ ನಿರ್ಧರಿಸಬೇಕು. ಇತ್ತೀಚೆಗೆ ಮೊಬೈಲ್ ಫೋನಿನಲ್ಲಿ ತೆಗೆದ ಚಿತ್ರದಿಂದ ರೋಗ ಗುರುತಿಸುವ ತಂತ್ರಾಂಶಗಳು ಬಂದಿವೆ. ಅವು ಓದುವುದೂ ಹೊರಗಿನ ಕುರುಹನ್ನೇ. ರೈತನ ಕಣ್ಣಿನ ಮಿತಿಗಳು ಅವಕ್ಕೂ ಇವೆ.

ಸಮಾರೋಪ

ಘಾಟಿಯಿರುವ ತೂಬಗೆರೆ ಹೋಬಳಿಯ ಹಾಡೋನಹಳ್ಳಿಯಲ್ಲೇ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಹೆಸರಘಟ್ಟವೂ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವೂ ದೂರವಲ್ಲ. ಹೊಲಕ್ಕೂ ಪ್ರಯೋಗಾಲಯಕ್ಕೂ ಇಲ್ಲಿರುವ ಅಂತರ ಮೈಲಿಗಳದ್ದಲ್ಲ, ಮಾತಿನದು. ರೈತ ‘ಗೊಡ್ಡು’, ‘ಮುಟುರು’, ‘ನಂಜು’ ಎಂದಾಗ ಅದು ಯಾವ ಪರೀಕ್ಷೆಗೆ ದಾರಿ ಎಂಬುದು ಕೇಳುವವರಿಗೆ ತಿಳಿದಿರಬೇಕು. ಪತ್ತೆಯ ವೇಗವನ್ನು ಯಂತ್ರದ ನಿಮಿಷಗಳಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಮೊದಲ ಮುದುರಿದ ಎಲೆಯನ್ನು ಯಾರೋ ಕಂಡು, ಹೆಸರಿಟ್ಟು, ಅದನ್ನು ಇನ್ನೊಬ್ಬರಿಗೆ ಹೇಳಿದ ಕ್ಷಣದಿಂದ ಆ ಲೆಕ್ಕ ಆರಂಭವಾಗಬೇಕು.

ಬೆಂಗಳೂರು ಗ್ರಾಮಾಂತರದ ರಾಗಿ ಹೊಲಗಳು ಬಡಾವಣೆಗಳಾಗುತ್ತಿರುವಾಗ ಈ ಹೆಸರುಗಳನ್ನು ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ನಾವು ಜಾನಪದ ಅಧ್ಯಯನಕಾರರು ಕಥೆ, ಹಾಡು, ಒಗಟುಗಳನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ಬೆಳೆರೋಗಗಳ ಹೆಸರುಗಳನ್ನು ಸಂಗ್ರಹಿಸಿಲ್ಲ. ಪ್ರತಿ ಹೆಸರಿನೊಡನೆ ಅದರ ಲಕ್ಷಣ, ಕಾಲ, ಬೆಳೆಯ ಹಂತ, ಅದಕ್ಕೆ ಅಂಟಿದ ನಂಬಿಕೆ ಇವುಗಳನ್ನು ತಾಲ್ಲೂಕುವಾರು ದಾಖಲಿಸಬೇಕು. ಸಸ್ಯರೋಗತಜ್ಞರು ಅದೇ ಗಿಡದ ಮಾದರಿಯನ್ನು ಪರೀಕ್ಷಿಸಿ ಕಾರಣವನ್ನು ಅದರ ಪಕ್ಕದಲ್ಲಿ ಬರೆಯಬೇಕು. ದಾಖಲೆಯಲ್ಲಿ ರೈತನ ಮಾತಿನ ಜೊತೆಗೆ, ಸಸಿಮಡಿಯಲ್ಲಿ ಕೂತು ಕಳೆ ಕಿತ್ತು ಎಲೆಯ ಮೊದಲ ಬದಲಾವಣೆಯನ್ನು ಕಂಡ ಹೆಣ್ಣುಮಕ್ಕಳ ಮಾತೂ ಇರಬೇಕು. ಯಾವ ತೋಟದಿಂದ ಅವರನ್ನು ದೂರವಿಡಲಾಗಿತ್ತೋ ಆ ತೋಟದ ನಂಜನ್ನು ಮೊದಲು ಗುರುತಿಸಬಲ್ಲವರಲ್ಲಿ ಅವರೂ ಇದ್ದಾರೆ.